ವಚನದ ಗದ್ಯ, ರಾಗದ ಲಯ: ಮಲ್ಲಿಕಾರ್ಜುನ ಮನ್ಸೂರರ ವಚನ ಸಂಯೋಜನೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳನ್ನೊಳಗೊಂಡ ಸೀಮೆಯು ಸಂಗೀತದ ದೃಷ್ಟಿಯಿಂದ ಒಂದು ಗಡಿನಾಡು. ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಈ ಭಾಗಕ್ಕೆ ಕರ್ನಾಟಕ ಸಂಗೀತದ ಕೃತಿಪರಂಪರೆ ದಕ್ಷಿಣದಿಂದ ಬಂದಿತು. ತುಂಗಭದ್ರೆಯ ಆಚೆಯ ದಡದಿಂದ ಹಿಂದೂಸ್ಥಾನಿ ಗಾಯನವು ಮಠಗಳ ಮೂಲಕ, ನಾಟಕ ಕಂಪನಿಗಳ ಮೂಲಕ, ಬಳಿಕ ಆಕಾಶವಾಣಿಯ ಮೂಲಕ ಹರಿದು ಬಂದಿತು. ಇವೆರಡಕ್ಕೂ ಮೊದಲೇ ಏಕತಾರಿ, ತಾಳ, ದಮ್ಮಡಿಗಳೊಡನೆ ಹಾಡುತ್ತಿದ್ದ ತತ್ತ್ವಪದದ ಭಜನೆ ಹಳ್ಳಿಹಳ್ಳಿಗಳಲ್ಲಿ ಇದ್ದೇ ಇತ್ತು. ಆದುದರಿಂದ ಇಲ್ಲಿಯ ಕೇಳುಗನು ಒಂದೇ ವಚನವನ್ನು ಮೂರು ಬಗೆಯಲ್ಲಿ ಕೇಳಿ ಬೆಳೆದವನು. ಮಠದ ಸಭೆಯಲ್ಲಿ ಕೃತಿಯಂತೆ ಪಲ್ಲವಿ ಹಿಡಿದು ಹಾಡಿದ ವಚನ, ಧಾರವಾಡದ ಬಾನುಲಿಯಲ್ಲಿ ಖಯಾಲಿನ ನೆರಳು ಬಿದ್ದ ವಚನ, ಜಾತ್ರೆಯ ರಾತ್ರಿಯಲ್ಲಿ ಭಜನೆಯ ಧಾಟಿಗೆ ಹೊಂದಿಸಿದ ವಚನ. ಈ ಮೂರರಲ್ಲಿ ಯಾವುದು ವಚನಕ್ಕೆ ಸಹಜ? ಯಾವುದು ವಚನದ ಅರ್ಥವನ್ನು ಉಳಿಸುತ್ತದೆ, ಯಾವುದು ನುಂಗುತ್ತದೆ? ರುಚಿಭೇದದ ಮಾತೆಂದು ಈ ಪ್ರಶ್ನೆಯನ್ನು ಬದಿಗೊತ್ತುವಂತಿಲ್ಲ. ಇಂದು ಬಹುಮಂದಿ ವಚನವನ್ನು ಓದಿ ಅರಿಯುವುದಕ್ಕಿಂತ ಕೇಳಿ ಅರಿಯುತ್ತಾರೆ. ಹಾಡಿನಲ್ಲಿ ಅರ್ಥ ಕೆಟ್ಟರೆ ಅವರ ಪಾಲಿಗೆ ವಚನವೇ ಕೆಟ್ಟಂತೆ. ಈ ಪ್ರಶ್ನೆಯನ್ನು ಎತ್ತಿಕೊಂಡವರು ಪಂಡಿತ ಮಲ್ಲಿಕಾರ್ಜುನ ಮನ್ಸೂರರ ವಚನ ಸಂಯೋಜನೆಗಳನ್ನು ದಾಟಿ ಹೋಗಲಾರರು.

ಮೊದಲು ತೊಡಕಿನ ಸ್ವರೂಪವನ್ನು ತಿಳಿಯಬೇಕು. ವಚನವು ಗದ್ಯ. ಅದರ ಸಾಲುಗಳು ಅಳತೆಯಲ್ಲಿ ಸಮವಲ್ಲ. ಪ್ರಾಸ ಬಂದರೆ ಬಂದಿತು, ಬಾರದಿದ್ದರೆ ಇಲ್ಲ. ದಾಸರ ಪದಕ್ಕಿರುವ ಪಲ್ಲವಿ, ಅನುಪಲ್ಲವಿ, ಚರಣಗಳ ಕಟ್ಟು ಅದಕ್ಕಿಲ್ಲ. ಶರಣರು ಹಾಡಲೆಂದೇ ರಚಿಸಿದ ಸ್ವರವಚನಗಳು ಬೇರೆ ಇವೆ. ಅವುಗಳ ಮೇಲೆ ರಾಗತಾಳಗಳ ಹೆಸರುಗಳೂ ಕಾಣುತ್ತವೆ. ಮುಂದೆ ನಿಜಗುಣ ಶಿವಯೋಗಿಗಳ ಕೈವಲ್ಯಪದ್ಧತಿ, ಮುಪ್ಪಿನ ಷಡಕ್ಷರಿಗಳ ಸುಬೋಧಸಾರ, ಸರ್ಪಭೂಷಣ ಶಿವಯೋಗಿಗಳ ಕೈವಲ್ಯಕಲ್ಪವಲ್ಲರಿಗಳು ವೀರಶೈವ ಗೇಯಸಾಹಿತ್ಯದ ದೊಡ್ಡ ಹೊಳೆಯನ್ನೇ ಹರಿಸಿದವು. ಆದರೆ ಇವೆಲ್ಲವೂ ಹಾಡುಗಬ್ಬಗಳು. ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರ ವಚನಗಳು ಬಹುಮಟ್ಟಿಗೆ ಆಡಿದ ಮಾತುಗಳು. ತಾಳದ ಲೆಕ್ಕಾಚಾರ ತನಗೆ ತಿಳಿಯದೆಂದೂ ಮನ ಬಂದ ಪರಿಯಲ್ಲಿ ಹಾಡುವೆನೆಂದೂ ಬಸವಣ್ಣನವರೇ ಒಂದೆಡೆ ಹೇಳಿಕೊಂಡಿದ್ದಾರೆ. ವಿನಯದ ಮಾತೆಂದು ಅದನ್ನು ತಳ್ಳಿಹಾಕುವವರುಂಟು. ಅದನ್ನು ಛಂದಸ್ಸಿನ ಮಾತಾಗಿಯೂ ಓದಬಹುದು: ಮಾತಿನ ಓಟವೇ ಇಲ್ಲಿ ಅಳತೆ, ಹೊರಗಿನಿಂದ ತಂದಿಟ್ಟ ಅಳತೆಗೋಲು ಇಲ್ಲಿ ಸಲ್ಲದು.

ಹೀಗಿರುವ ಗದ್ಯಕ್ಕೆ ರಾಗ, ತಾಳಗಳನ್ನು ಹೇಗೆ ತೊಡಿಸುವುದು? 1923ರಲ್ಲಿ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ ಪ್ರಕಟವಾದ ಮೇಲೆ ವಚನಗಳು ವಿದ್ವತ್ ವಲಯದ ಎದುರು ಹೊಸದಾಗಿ ನಿಂತವು. ಅದೇ ಕಾಲದಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳವರ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892-1944) ಕರ್ನಾಟಕ, ಹಿಂದೂಸ್ಥಾನಿ ಎರಡೂ ಪದ್ಧತಿಗಳನ್ನು ಅರಗಿಸಿಕೊಂಡು ಊರೂರು ತಿರುಗುವ ಸಂಗೀತ ಪಾಠಶಾಲೆಯನ್ನು ನಡೆಸುತ್ತ ವಚನಗಳನ್ನು ಶಾಸ್ತ್ರೀಯ ರಾಗಗಳಲ್ಲಿ ಹಾಡುವ ಪರಿಪಾಠಕ್ಕೆ ಅಡಿಪಾಯ ಹಾಕಿದರು. ಆ ಮರದ ಕೊಂಬೆಗಳೇ ಪುಟ್ಟರಾಜ ಗವಾಯಿಗಳು, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು. ಮನ್ಸೂರರು ಈ ಶಾಖೆಯವರಲ್ಲ. ಅವರು ವಚನಕ್ಕೆ ಬಂದ ದಾರಿ ಬೇರೆ. ದಾರಿ ಬೇರೆಯಾದುದರಿಂದಲೇ ಪರಿಹಾರವೂ ಬೇರೆಯಾಯಿತು.

ಮಲ್ಲಿಕಾರ್ಜುನ ಮನ್ಸೂರರು 1910ರ ಡಿಸೆಂಬರ್ 31ರಂದು ಧಾರವಾಡದ ಸಮೀಪದ ಮನಸೂರಿನಲ್ಲಿ ಜನಿಸಿದರು. ಅಣ್ಣ ಬಸವರಾಜ ಮನ್ಸೂರರು ರಂಗನಟರು. ಬಾಲ್ಯದಲ್ಲಿ ತಮ್ಮನೂ ಬಣ್ಣ ಹಚ್ಚಿ ನಾಟಕದ ಹಾಡುಗಳನ್ನು ಹಾಡಿದವನೇ. ಮೊದಲ ಪಾಠ ಕರ್ನಾಟಕ ಸಂಗೀತದ್ದು. ಪಿಟೀಲು ವಾದಕರಾದ ಅಪ್ಪಯ್ಯಸ್ವಾಮಿಗಳು ಅದನ್ನು ಕೊಟ್ಟರು. ಬಳಿಕ ಮಿರಜಿನಲ್ಲಿ ನೀಲಕಂಠಬುವಾ ಆಲೂರಮಠರ ಬಳಿ ಗ್ವಾಲಿಯರ್ ಪದ್ಧತಿಯ ಶಿಕ್ಷಣ. ಗ್ವಾಲಿಯರದ ಬಂದಿಶ್ ನೇರವಾದುದು, ಪದಗಳನ್ನು ಸ್ಪಷ್ಟವಾಗಿ ಉಚ್ಚರಿಸುವುದು. ಮುಂದೆ ಮುಂಬಯಿಯಲ್ಲಿ ಉಸ್ತಾದ್ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಶಿಷ್ಯತ್ವ ದೊರೆಯಿತು. 1937ರಲ್ಲಿ ಮಂಜೀಖಾನರು ಅಕಾಲದಲ್ಲಿ ತೀರಿಕೊಂಡಾಗ ಅವರ ತಮ್ಮ ಬುರ್ಜೀಖಾನರು ಪಾಠವನ್ನು ಮುಂದುವರಿಸಿದರು. ಹೀಗೆ ಜಯಪುರ-ಅತ್ರೌಲಿ ಘರಾಣೆಯ ಸಾರವು ಧಾರವಾಡದ ಒಬ್ಬ ಗಾಯಕನ ಕಂಠದಲ್ಲಿ ನೆಲೆಗೊಂಡಿತು. ಎಚ್.ಎಂ.ವಿ. ಗ್ರಾಮಫೋನ್ ಕಂಪನಿಯ ಸಂಗೀತ ನಿರ್ದೇಶಕರಾಗಿಯೂ ಬಳಿಕ ಧಾರವಾಡ ಆಕಾಶವಾಣಿಯ ಸಂಗೀತ ಸಲಹೆಗಾರರಾಗಿಯೂ ಅವರು ಕೆಲಸ ಮಾಡಿದರು. 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. ಅದೇ 1992ರ ಸೆಪ್ಟೆಂಬರ್ 12ರಂದು ಅವರು ಲಿಂಗೈಕ್ಯರಾದರು. ಪ್ರಶಸ್ತಿಗಳ ಪಟ್ಟಿ ಇನ್ನೂ ಉದ್ದವಿದೆ. ಪ್ರಕೃತ ವಿಷಯಕ್ಕೆ ಅದು ಅಷ್ಟಾಗಿ ಬೇಕಿಲ್ಲ.

ಬೇಕಾದುದು ಧಾರವಾಡದ ಮುರುಘಾಮಠದ ಸಂಬಂಧ. ಮೃತ್ಯುಂಜಯ ಸ್ವಾಮಿಗಳವರಲ್ಲಿ ಮನ್ಸೂರರಿಗೆ ಇದ್ದ ನಿಷ್ಠೆ ಸರ್ವವಿದಿತ. ತಮ್ಮ ಮನೆಗೆ ಅವರು ಆ ಶ್ರೀಗಳವರ ಹೆಸರನ್ನೇ ಇಟ್ಟರು. ‘ನನ್ನ ರಸಯಾತ್ರೆ’ ಎಂಬ ಆತ್ಮಕಥೆಯಲ್ಲಿಯೂ ಗುರುಗಳ ಸ್ಮರಣೆ ಮತ್ತು ಶಿವನಿಷ್ಠೆಗಳು ಸಂಗೀತದ ಮಾತಿನೊಡನೆ ಬೆರೆತೇ ಬರುತ್ತವೆ. ಮುಸಲ್ಮಾನ ಉಸ್ತಾದರಿಂದ ಪಡೆದ ವಿದ್ಯೆಯನ್ನೂ ಮಠದಿಂದ ಪಡೆದ ಶ್ರದ್ಧೆಯನ್ನೂ ಅವರು ಎರಡು ಪೆಟ್ಟಿಗೆಗಳಲ್ಲಿ ಇಟ್ಟವರಲ್ಲ. ಬೆಳಗಿನ ಶಿವಪೂಜೆಗೂ ಬೆಳಗಿನ ಭೈರವದ ರಿಯಾಜಿಗೂ ನಡುವೆ ಅವರಿಗೆ ಹೊಸ್ತಿಲಿರಲಿಲ್ಲ. ಈ ಮಾತನ್ನು ಭಕ್ತಿಯ ಉತ್ಸಾಹದಲ್ಲಿ ಎಲ್ಲರೂ ಹೇಳುತ್ತಾರೆ. ವಿಮರ್ಶೆಯು ಮುಂದೆ ಕೇಳಬೇಕಾದುದು: ಆ ಶ್ರದ್ಧೆ ಅವರ ಸಂಯೋಜನೆಯ ಯಾವ ಸ್ವರದಲ್ಲಿ, ಯಾವ ಮಾತ್ರೆಯಲ್ಲಿ ಕಾಣುತ್ತದೆ?

ಇದಕ್ಕೆ ಮೊದಲು ಅವರ ಖಯಾಲಿನ ಗುಣವನ್ನು ತುಸು ನೋಡಬೇಕು. ಜಯಪುರ ಘರಾಣೆಯಲ್ಲಿ ಅತಿವಿಳಂಬಿತದ ತೂಕಡಿಕೆಗೆ ಎಡೆಯಿಲ್ಲ. ತೀನ್‌ತಾಳದ 16 ಮಾತ್ರೆಗಳ ಮಧ್ಯಮ ನಡಿಗೆಯಲ್ಲಿ ಸ್ವರವು ಲಯದ ತೋಳು ಹಿಡಿದೇ ನಡೆಯುತ್ತದೆ. ಆಲಾಪವೂ ಲಯದಿಂದ ಬಿಡಿಸಿಕೊಂಡು ಅಲೆಯುವುದಿಲ್ಲ. ಒಂದು ಸ್ವರಗುಚ್ಛ ಮುಗಿಯುವ ಮೊದಲೇ ಮತ್ತೊಂದು ಹುಟ್ಟುತ್ತದೆ. ಉಸಿರು ತೆಗೆದುಕೊಂಡದ್ದು ಕೇಳುಗನಿಗೆ ತಿಳಿಯುವುದಿಲ್ಲ. ಇದರೊಂದಿಗೆ ಜೋಡುರಾಗಗಳ, ಅಪ್ರಚಲಿತ ರಾಗಗಳ ಭಂಡಾರ: ಶಿವಮತ ಭೈರವ, ಖಟ್, ಲಚ್ಛಾಸಾಖ, ಬಿಹಾರಿ, ಬಸಂತಿ ಕೇದಾರ, ಸಂಪೂರ್ಣ ಮಾಲಕಂಸ, ಬಹಾದುರಿ ತೋಡಿ. ಎರಡು ರಾಗಗಳನ್ನು ಹೆಣೆಯುವಾಗ ಸೇರುವೆ ಕಾಣದಂತೆ ಹೆಣೆಯುವುದು ಈ ಘರಾಣೆಯ ಹೆಮ್ಮೆ. ಮನ್ಸೂರರಲ್ಲಿ ಈ ಪಾಂಡಿತ್ಯ ಭಾರವಾಗಿ ಕಾಣಲಿಲ್ಲ. ಎಂಬತ್ತರ ಹತ್ತಿರದಲ್ಲಿಯೂ ಅವರ ಕಂಠ ಹರಿತವಾಗಿತ್ತು. ದೊಡ್ಡ ಧ್ವನಿಯಲ್ಲ, ಇಂಪಾದ ಧ್ವನಿಯೆಂದೂ ಕೆಲವರು ಒಪ್ಪರು. ಆದರೆ ಅದು ಹೇಳುವ ಧ್ವನಿ. ಈ ‘ಹೇಳುವ’ ಗುಣವೇ ವಚನಕ್ಕೆ ಒದಗಿ ಬಂದಿತು.

ಖಯಾಲಿನ ಬಂದಿಶ್ ಚಿಕ್ಕದು. ಸ್ಥಾಯಿ, ಅಂತರಾ ಎಂಬ ಎರಡು ತುಂಡುಗಳು, ನಾಲ್ಕಾರು ಸಾಲುಗಳು. ಸ್ಥಾಯಿಯ ಮೊದಲ ನುಡಿ, ಎಂದರೆ ಮುಖಡಾ, ಆವರ್ತನಕ್ಕೊಮ್ಮೆ ಮರಳಿ ಬಂದು ಸಮದ ಮೇಲೆ ಕೂಡುತ್ತದೆ. ಖಯಾಲಿನ ರಸವೆಲ್ಲ ಈ ಮರಳುವಿಕೆಯಲ್ಲಿದೆ. ವಚನವಾದರೋ ಮುಂದೆ ನಡೆಯುವ ಮಾತು. ಒಂದು ದೃಷ್ಟಾಂತವನ್ನು ಒಡ್ಡುತ್ತದೆ, ಅದರ ಮೇಲೆ ಇನ್ನೊಂದನ್ನು ಇಡುತ್ತದೆ, ಕೊನೆಯಲ್ಲಿ ತಟ್ಟನೆ ತಿರುಗಿ ಇಷ್ಟದೈವವನ್ನು ಎದುರಿಗೆ ನಿಲ್ಲಿಸಿ ನಿರ್ಣಯ ಕೇಳುತ್ತದೆ. ಆ ತಿರುವು ಅದರ ಪ್ರಾಣ. ಪ್ರತಿ ಸಾಲಿಗೂ ಮೊದಲ ಸಾಲಿಗೆ ಎಳೆದು ತಂದರೆ ತರ್ಕದ ಮೆಟ್ಟಿಲನ್ನು ಹತ್ತುವವನ ಕಾಲನ್ನು ಕೆಳಗಿನಿಂದ ಜಗ್ಗಿದಂತಾಗುತ್ತದೆ. ಸಾಮಾನ್ಯ ವಚನಗಾಯನದಲ್ಲಿ ನಡೆಯುವ ಅನರ್ಥ ಇದೇ. ಮೊದಲ ಸಾಲು ಪಲ್ಲವಿಯಾಗುತ್ತದೆ, ಉಳಿದುದೆಲ್ಲ ಚರಣವಾಗುತ್ತದೆ, ಅಂಕಿತ ಬಂದಾಗ ಗಾಯಕನು ಅದನ್ನು ಅವಸರದಲ್ಲಿ ಮುಗಿಸಿ ಮತ್ತೆ ಪಲ್ಲವಿಗೆ ಹಾರುತ್ತಾನೆ. ಕೇಳುಗನ ಕಿವಿಯಲ್ಲಿ ಉಳಿಯುವುದು ವಚನದ ಪೀಠಿಕೆ, ವಚನವಲ್ಲ.

ಮನ್ಸೂರರ ಸಂಯೋಜನೆಗಳಲ್ಲಿ ಮರಳುವಿಕೆ ಇಲ್ಲವೆಂದಲ್ಲ. ಅದಿಲ್ಲದೆ ಹಿಂದೂಸ್ಥಾನಿ ಗಾಯಕನಿಗೆ ಕಾಲೂರಲು ನೆಲವಿಲ್ಲ. ಆದರೆ ಅವರು ಮರಳಲು ಆರಿಸಿಕೊಳ್ಳುವ ನುಡಿ ಬಹುತೇಕ ಸಂಬೋಧನೆಯ ನುಡಿ, ಅಥವಾ ಪ್ರಶ್ನೆ. ದೃಷ್ಟಾಂತ ಮರಳಿ ಬಂದರೆ ಸವೆಯುತ್ತದೆ, ಕರೆ ಮರಳಿ ಬಂದರೆ ಆಳವಾಗುತ್ತದೆ. ಗೆಳತಿಯನ್ನು ಕರೆದು ಕನಸು ಹೇಳುವ ಅಕ್ಕನ ಕರೆ ಎರಡನೆಯ ಸಲ ಕೇಳಿದಾಗ ಮೊದಲ ಸಲದ ಕರೆಯಲ್ಲ; ಹೇಳಲಾಗದೆ ಮತ್ತೊಮ್ಮೆ ಕರೆದಂತೆ. ಅಕ್ಕಮಹಾದೇವಿಯ ವಚನಗಳು ಮನ್ಸೂರರಿಗೆ ವಿಶೇಷವಾಗಿ ಒಲಿದದ್ದಕ್ಕೆ ಇದು ಒಂದು ಕಾರಣವಿರಬೇಕು. ಆಕೆಯ ಮಾತು ಸದಾ ಯಾರನ್ನೋ ಕರೆಯುವ ಮಾತು: ತಾಯಿಯನ್ನು, ಗೆಳತಿಯನ್ನು, ಗಿಳಿಕೋಗಿಲೆಗಳನ್ನು, ಕೊನೆಗೆ ಚೆನ್ನಮಲ್ಲಿಕಾರ್ಜುನನನ್ನು.

ಎರಡನೆಯ ಅಂಶ ಇನ್ನೂ ಸೂಕ್ಷ್ಮವಾದುದು. ಕನ್ನಡ ಗದ್ಯವನ್ನು ಹಾಡುವಾಗ ಸ್ವರವನ್ನು ಎಲ್ಲಿ ಎಳೆಯಬೇಕು? ಅರ್ಥವುಳ್ಳ ಪದದ ನಡುವೆ ಎಳೆದರೆ ಪದ ಒಡೆಯುತ್ತದೆ, ಕೇಳುಗನು ಉಳಿದ ಅರ್ಧಕ್ಕೆ ಕಾಯುತ್ತ ಕೂಡುತ್ತಾನೆ. ಬ್ರಜಭಾಷೆಯ ಬಂದಿಶ್‌ಗಳಲ್ಲಿ ಈ ತೊಂದರೆ ಅಷ್ಟಿಲ್ಲ. ಅಲ್ಲಿ ಪದಗಳು ಚಿಕ್ಕವು, ಕೇಳುಗನಿಗೆ ಸಾಹಿತ್ಯದ ಮೇಲೆ ಹಟವೂ ಕಡಮೆ. ಕನ್ನಡದಲ್ಲಿ ಪ್ರತ್ಯಯಗಳು ಕೂಡಿಕೊಂಡು ಪದ ಉದ್ದವಾಗುತ್ತದೆ. ಕ್ರಿಯಾಪದ ವಾಕ್ಯದ ತುದಿಯಲ್ಲಿದೆ. ತುದಿ ತಲಪುವವರೆಗೆ ಅರ್ಥವಿಲ್ಲ. ವಚನಕಾರರೇ ಇದಕ್ಕೆ ಪರಿಹಾರವನ್ನು ಇಟ್ಟುಹೋಗಿದ್ದಾರೆ. ಅಯ್ಯಾ, ಅವ್ವಾ, ಕಾಣಾ, ನೋಡಾ, ಎಲೆ ದೇವಾ ಎಂಬ ತೆರೆದ ದೀರ್ಘಾಂತಗಳು ವಚನದ ಸಾಲುಗಳ ಅಂಚಿನಲ್ಲಿ ಕಟ್ಟೆಗಳಂತೆ ನಿಂತಿವೆ. ಮಾತನ್ನು ಮಾತಿನ ವೇಗದಲ್ಲಿಯೇ, ಹೆಚ್ಚುಕಡಮೆ ಒಂದು ಸ್ವರಕ್ಕೆ ಒಂದಕ್ಷರದಂತೆ ನಡೆಸಿಕೊಂಡು ಬಂದು ಈ ಕಟ್ಟೆಯ ಮೇಲೆ ರಾಗವನ್ನು ಹರಡುವುದು ಮನ್ಸೂರರ ಕ್ರಮ. ‘ಅಯ್ಯಾ’ ಎಂಬಲ್ಲಿಯ ಆಕಾರದಲ್ಲಿ ಒಂದು ಪುಟ್ಟ ಆಲಾಪವನ್ನೇ ಅಡಗಿಸಬಹುದು. ಅರ್ಥಕ್ಕೆ ಭಂಗವಿಲ್ಲ, ಏಕೆಂದರೆ ಅಲ್ಲಿ ಭಾವವೇ ಅರ್ಥ. ಖಯಾಲಿನ ಆಕಾರಕ್ಕೆ ಜಯಪುರ ಘರಾಣೆಯಲ್ಲಿ ಇರುವ ಪ್ರಾಧಾನ್ಯವೂ ವಚನದ ಸಂಬೋಧನೆಯ ಆಕಾರವೂ ಇಲ್ಲಿ ಒಂದನ್ನೊಂದು ಕಂಡುಕೊಂಡವು. ತಾನುಗಳ ಸುರಿಮಳೆ ಇಲ್ಲಿಲ್ಲ. ಇದ್ದರೂ ಮಿಂಚಿ ಮರೆಯಾಗುವಷ್ಟು. ಖಯಾಲಿನಲ್ಲಿ ಅರ್ಧ ಗಂಟೆ ಅಡೆತಡೆಯಿಲ್ಲದೆ ಸ್ವರಗಳನ್ನು ಹೆಣೆಯಬಲ್ಲವನು ವಚನದಲ್ಲಿ ಕೈ ಬಿಗಿಹಿಡಿಯುವುದು ಸಣ್ಣ ಸಂಯಮವಲ್ಲ.

ಅಂಕಿತದ ವಿಷಯವನ್ನು ಛಂದಸ್ಸಿನ ವಿದ್ಯಾರ್ಥಿಗಳು ಲೇಖನಿ ಹಿಡಿದು ನೋಡಬೇಕು. ‘ಚೆನ್ನಮಲ್ಲಿಕಾರ್ಜುನಾ’ ಎಂಬುದನ್ನು ಮಾತ್ರೆಗಳಲ್ಲಿ ಬಿಡಿಸಿದರೆ ಚೆನ್ನ, ಮಲ್ಲಿ, ಕಾರ್ಜು ಎಂಬ ಮೂರು ಮೂರರ ಗಣಗಳು ಬರುತ್ತವೆ. ಪ್ರತಿಯೊಂದೂ ಗುರು, ಲಘು. ಕೊನೆಯ ನಾಕಾರವನ್ನು ಎಳೆದು ಮೂರು ಮಾಡಿದರೆ ಒಟ್ಟು ಹನ್ನೆರಡು. ‘ಕೂಡಲಸಂಗಮದೇವಾ’ ಎಂಬುದನ್ನು ಬಿಡಿಸಿದರೆ ಕೂಡಲ, ಸಂಗಮ, ದೇವಾ ಎಂದು ನಾಲ್ಕು ನಾಲ್ಕರ ಮೂರು ಗಣಗಳು. ಒಟ್ಟು ಇಲ್ಲಿಯೂ ಹನ್ನೆರಡು. ಮೊತ್ತ ಒಂದೇ, ನಡೆ ಬೇರೆ. ಅಕ್ಕನ ಅಂಕಿತ ನಾಲ್ಕು ಮೂರುಗಳಲ್ಲಿ ತೂಗುತ್ತದೆ, ತೊಟ್ಟಿಲಿನಂತೆ. ಅಣ್ಣನ ಅಂಕಿತ ಮೂರು ನಾಲ್ಕುಗಳಲ್ಲಿ ಹೆಜ್ಜೆ ಹಾಕುತ್ತದೆ, ಸಭೆಗೆ ಬರುವವನಂತೆ. ಸೊನ್ನಲಿಗೆಯ ಸಿದ್ಧರಾಮನ ‘ಕಪಿಲಸಿದ್ಧಮಲ್ಲಿಕಾರ್ಜುನ’ವೂ ಜೇಡರ ದಾಸಿಮಯ್ಯನ ‘ರಾಮನಾಥ’ವೂ ಮೂರರ ನಡೆಯವೇ. ಗದ್ಯದಲ್ಲಿ ಹರಿದುಬಂದ ವಚನವು ಅಂಕಿತದ ಬಳಿ ಬಂದಾಗ ತನ್ನಿಂದ ತಾನೇ ತಾಳಕ್ಕೆ ಬೀಳುತ್ತದೆ. ವಚನದಲ್ಲಿ ತಾಳವಿಲ್ಲವೆನ್ನುವವರು ಈ ಒಂದು ಸ್ಥಳವನ್ನು ಮರೆಯುತ್ತಾರೆ. ವಚನಕಾರರು ಮಾತನ್ನು ಬಿಡುಬೀಸಾಗಿ ನಡೆಸಿ ದೈವದ ಹೆಸರಿನಲ್ಲಿ ಮಾತ್ರ ಲಯಕ್ಕೆ ಒಪ್ಪಿಸಿದರೋ ಏನೋ!

ಚತುರ ಸಂಯೋಜಕನಿಗೆ ಇದು ಕೀಲಿಕೈ. ಅಂಕಿತದ ನಡೆಯನ್ನು ಹಿಡಿದು ತಾಳವನ್ನು ಆರಿಸಿದರೆ ವಚನದ ಸಾಲುಗಳು ಎಷ್ಟೇ ಏರುಪೇರಾಗಿ ನಡೆದು ಬಂದರೂ ಕೊನೆಯಲ್ಲಿ ಸಮದ ಮನೆಗೆ ಸೇರುತ್ತವೆ. ಅಂಕಿತದ ನಡೆಗೆ ವಿರುದ್ಧವಾದ ತಾಳವನ್ನು ಹೇರಿದರೆ ‘ಚೆನ್ನ’ ಎಂಬುದು ‘ಚೇನ್ನಾ’ ಆಗಿ, ‘ಮಲ್ಲಿ’ ಎಂಬುದು ‘ಮಲ್ಲೀ’ ಆಗಿ ದೇವರ ಹೆಸರೇ ಊನವಾಗುತ್ತದೆ. ಮನ್ಸೂರರು ಇದನ್ನು ಲೆಕ್ಕಹಾಕಿ ಮಾಡಿದರೆಂದು ಹೇಳಬೇಕಾಗಿಲ್ಲ. ಗ್ವಾಲಿಯರದ ಬಂದಿಶ್‌ಗಳ ಪದಶುದ್ಧಿ, ಜಯಪುರದ ಲಯನಿಷ್ಠೆ, ನಾಟಕದಲ್ಲಿ ಮಾತನ್ನು ಸಭೆಗೆ ಮುಟ್ಟಿಸಿದ ಬಾಲ್ಯದ ಅಭ್ಯಾಸ, ಧಾರವಾಡದ ಆಡುನುಡಿಯ ಗತ್ತು ಇವೆಲ್ಲ ಕೂಡಿದಾಗ ಕಿವಿಯೇ ಲೆಕ್ಕಿಗನಾಗುತ್ತದೆ. ಅಂಕಿತವನ್ನು ಅವರು ಅವಸರಿಸುವುದಿಲ್ಲ. ಷಡ್ಜದ ನೆರಳಿಗೆ ಬಂದು ಕರೆದು, ಕರೆದ ಮೇಲೆ ತುಸು ಸುಮ್ಮನಿರುತ್ತಾರೆ. ಆ ಮೌನವೂ ಸಂಯೋಜನೆಯ ಭಾಗವೇ.

ರಾಗದ ಆಯ್ಕೆಯಲ್ಲಿ ಅವರ ವಿವೇಕ ಹೆಚ್ಚು ಚರ್ಚೆಗೆ ಬಂದಿಲ್ಲ. ಅಪರೂಪದ ಅಷ್ಟೊಂದು ರಾಗಗಳು ಕೈಯಲ್ಲಿದ್ದ ಗಾಯಕನು ವಚನಕ್ಕೆ ಅವುಗಳ ಗಹನತೆಯನ್ನು ಹೊರಿಸಲು ಹೋಗಲಿಲ್ಲ. ಜೋಡುರಾಗವು ಕೇಳುಗನ ಗಮನವನ್ನು ತನ್ನ ಹೆಣಿಗೆಯ ಮೇಲೆ ಬೇಡುತ್ತದೆ. ವಚನವೂ ತನ್ನ ಹೆಣಿಗೆಯ ಮೇಲೆ ಗಮನವನ್ನು ಬೇಡುತ್ತದೆ. ಎರಡು ಬಿಗಿಯಾದ ಹೆಣಿಗೆಗಳನ್ನು ಒಂದರ ಮೇಲೊಂದು ಇಟ್ಟರೆ ಎರಡೂ ಕಾಣುವುದಿಲ್ಲ. ಕೇಳುಗನಿಗೆ ಪರಿಚಿತವಾದ ರಾಗದ ಚೌಕಟ್ಟಿನಲ್ಲಿ ವಚನ ಕೂತಾಗ ಮನಸ್ಸು ಮಾತಿನ ಕಡೆಗೆ ಬಿಡುವಾಗುತ್ತದೆ.

ಇಷ್ಟು ಹೇಳಿದ ಮೇಲೆ ಕೊರತೆಯನ್ನೂ ಹೇಳದಿದ್ದರೆ ವಿಮರ್ಶೆ ಸ್ತೋತ್ರವಾದೀತು. ರಾಗವು ಮೊದಲ ಸ್ವರಗಳಲ್ಲಿಯೇ ಒಂದು ಭಾವವನ್ನು ನಿಶ್ಚಯಿಸಿಬಿಡುತ್ತದೆ. ಅಕ್ಕನ ಆರ್ತ ವಚನಗಳಿಗೆ ಇದು ಅನುಕೂಲ. ಬಸವಣ್ಣನವರ ವಚನಗಳಲ್ಲಿ ದೈನ್ಯ ಒಂದು ಮುಖ ಮಾತ್ರ. ಕಟಕಿ, ಕೋಪ, ತನ್ನನ್ನೇ ತಾನು ಗೇಲಿಮಾಡಿಕೊಳ್ಳುವ ನಗೆ ಇವು ಇತರ ಮುಖಗಳು. ಕಲ್ಲುದೇವರಿಗೆ ಹಾಲೆರೆದು ದಿಟದ ಹಾವನ್ನು ಕೊಲ್ಲುವವರನ್ನು ಹಂಗಿಸುವ ಮಾತನ್ನು ಕರುಣರಸದ ರಾಗದಲ್ಲಿ ಕೇಳಿದಾಗ ಹಂಗಿಸುವವನು ಅಳುತ್ತಿರುವಂತೆ ತೋರುತ್ತದೆ. ಈ ದೋಷ ಮನ್ಸೂರರೊಬ್ಬರದಲ್ಲ. ಶಾಸ್ತ್ರೀಯ ವಚನಗಾಯನದ ಸಮಸ್ತ ಪರಂಪರೆಯದು. ಆದರೆ ಅವರಂಥ ಸಮರ್ಥರು ಆ ಕಡೆಗೆ ಹೆಚ್ಚು ಹೊರಳಲಿಲ್ಲವೆಂಬುದು ನಿಜ. ಅವರ ವಚನಲೋಕದಲ್ಲಿ ಭಕ್ತನಿದ್ದಾನೆ, ವಿರಹಿಯಿದ್ದಾನೆ. ಕಲ್ಯಾಣದ ಬೀದಿಯಲ್ಲಿ ವಾದಕ್ಕೆ ನಿಂತ ಶರಣ ಅಷ್ಟಾಗಿ ಇಲ್ಲ. ಅಲ್ಲಮನ ಬೆಡಗಿನ ವಚನಗಳೂ ರಾಗಕ್ಕೆ ಸುಲಭವಾಗಿ ಒಗ್ಗುವಂಥವಲ್ಲ. ಒಗಟನ್ನು ಹಾಡಿದರೆ ಒಗಟು ಕರಗಿ ಮೋಹಕವಾದ ಮಂಜು ಮಾತ್ರ ಉಳಿಯುತ್ತದೆ.

ಸಮಕಾಲೀನರೊಡನೆ ಇಟ್ಟು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914-2010) ಕವಿ, ನಾಟಕಕಾರ, ಬಹುವಾದ್ಯಪಟು. ಹಾಡಿಗೆ ಬೇಕಾದ ಸಾಹಿತ್ಯವನ್ನು ತಾವೇ ರಚಿಸಬಲ್ಲವರಾದುದರಿಂದ ಗದ್ಯದ ತೊಡಕು ಅವರನ್ನು ಅಷ್ಟು ಕಾಡಲಿಲ್ಲ. ಅವರ ದೃಷ್ಟಿ ಶಿಷ್ಯವರ್ಗದ ಮೇಲೆ, ಕಲಿಸಲು ಬರುವಂಥ ಧಾಟಿಯ ಮೇಲೆ. 1991ರಲ್ಲಿ ನಿಧನರಾದ ಬಸವರಾಜ ರಾಜಗುರುಗಳು ವಚನವನ್ನು ಮಾಧುರ್ಯದಲ್ಲಿ ಅದ್ದಿ ಕೊಟ್ಟರು. ರಂಗಗೀತೆ, ಠುಮ್ರಿಗಳ ಮುರುಕಿಗಳು ಅಲ್ಲಿ ಸಲೀಸಾಗಿ ಸೇರಿಕೊಂಡವು. ಕೇಳಲು ಅದೇ ಹೆಚ್ಚು ಹಿತವೆಂದು ಹೇಳುವವರ ಮಾತನ್ನು ಅಲ್ಲಗಳೆಯಲಾಗದು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿ ದೇವಾಸಿನಲ್ಲಿ ನೆಲೆಸಿದ ಕುಮಾರ ಗಂಧರ್ವರು (1924-1992) ಕಬೀರನ ನಿರ್ಗುಣ ಪದಗಳಿಗೆ ಮಾಳವದ ಜನಪದ ಧಾಟಿಯಿಂದ ಹೊಸ ಜೀವ ತಂದರು. ಅವರು ಶಾಸ್ತ್ರದಿಂದ ಲೋಕದ ಕಡೆಗೆ ಇಳಿದು ಹೋಗಿ ಸಂತವಾಣಿಯನ್ನು ಅದು ಹುಟ್ಟಿದ ಮಣ್ಣಿನಲ್ಲಿ ಹುಡುಕಿದರು. ಮನ್ಸೂರರು ಹಾಗೆ ಮಣ್ಣಿಗೆ ಇಳಿಯಲಿಲ್ಲ. ಇದ್ದಲ್ಲಿಯೇ ಇದ್ದು ರಾಗವನ್ನು ಮಾತಿನ ಹತ್ತಿರಕ್ಕೆ ಕರೆದರು. ಯಾವುದು ಹೆಚ್ಚೆಂಬ ತೀರ್ಪು ಬೇಡ. ಆದರೆ ವಚನದ ಮೂಲಧಾಟಿ ಯಾವುದೆಂದು ಹೇಳುವ ಜೀವಂತ ಜನಪದ ಪರಂಪರೆ ಕಬೀರನ ಪದಗಳಿಗೆ ಇರುವಷ್ಟು ಗಟ್ಟಿಯಾಗಿ ಬಿಡಿವಚನಗಳಿಗೆ ಇಲ್ಲದಿರುವುದರಿಂದ ಮನ್ಸೂರರ ದಾರಿ ಬಹಳ ಮಟ್ಟಿಗೆ ಅನಿವಾರ್ಯವೂ ಆಗಿತ್ತು.

ಚಿತ್ರದುರ್ಗದ ಸೀಮೆಯಲ್ಲಿ ಈಗ ವಚನವನ್ನು ಹೆಚ್ಚಾಗಿ ಕೇಳುವುದು ಏಕಕಂಠದಲ್ಲಿ ಅಲ್ಲ, ಸಮೂಹಕಂಠದಲ್ಲಿ. ಸಿರಿಗೆರೆಯ ತರಳಬಾಳು ಮಠದ ಪರಂಪರೆಯಲ್ಲಿ 1950ರಿಂದ ನಡೆದುಬಂದ ತರಳಬಾಳು ಹುಣ್ಣಿಮೆಯ ಸಭೆಗಳು ವಚನವನ್ನು ಸಾವಿರಾರು ಜನರ ಮುಂದೆ ತಂದವು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು 1997ರಲ್ಲಿ ಆರಂಭಿಸಿದ ಶಿವಸಂಚಾರವು ನಾಟಕದೊಡನೆ ವಚನಗೀತೆಯನ್ನೂ ನಾಡಿನಾದ್ಯಂತ ಒಯ್ದಿದೆ. 2019ರ ಆಗಸ್ಟ್ ತಿಂಗಳಲ್ಲಿ ಊರೂರುಗಳಲ್ಲಿ ನಡೆದ ‘ಮತ್ತೆ ಕಲ್ಯಾಣ’ದ ಸಭೆಗಳಲ್ಲಿ ಆ ಕಲಾವಿದರ ವಚನಗೀತೆಗಳು ಮೊಳಗಿದವು. ರಂಗಭೂಮಿಯ ಕಲಾವಿದರು ಹಾಡುವಾಗ ಮಾತು ಸ್ಪಷ್ಟ, ಲಯ ಚುರುಕು. ಬಸವಣ್ಣನವರ ಕಟಕಿಯೂ ಕೋಪವೂ ಶಾಸ್ತ್ರೀಯ ಗಾಯನದಲ್ಲಿ ಕಳೆದುಕೊಂಡ ಧ್ವನಿಯನ್ನು ಇಲ್ಲಿ ಮರಳಿ ಪಡೆಯುತ್ತವೆ. ಹತ್ತು ಕಂಠಗಳು ಒಟ್ಟಾಗಿ ಕೇಳುವ ಪ್ರಶ್ನೆಗೆ ಒಬ್ಬನ ಪ್ರಶ್ನೆಗಿಲ್ಲದ ಕೆಚ್ಚಿರುತ್ತದೆ. ಮನ್ಸೂರರಲ್ಲಿ ಕಾಣದ ಶರಣ ಇಲ್ಲಿ ಕಾಣುತ್ತಾನೆ.

ಹಾಗೆಂದು ಸಮೂಹಗಾನದ ಹಾದಿಯಲ್ಲಿ ಎಲ್ಲವೂ ಸುಗಮವೆಂದು ತಿಳಿಯಬಾರದು. ಕೂಡಿ ಹಾಡಲು ತಾಳ ಬಿಗಿಯಾಗಿರಬೇಕು. ಬಿಗಿಯಾದ ತಾಳವು ಗದ್ಯದ ಉದ್ದ ಸಾಲನ್ನು ಕುಗ್ಗಿಸುತ್ತದೆ, ಗಿಡ್ಡ ಸಾಲನ್ನು ಹಿಗ್ಗಿಸುತ್ತದೆ. ಎಲ್ಲ ವಚನಗಳೂ ಒಂದೇ ಎಂಟು ಮಾತ್ರೆಯ ನಡಿಗೆಗೆ ಬೀಳುತ್ತವೆ. ವಿದ್ಯುತ್ ವಾದ್ಯಗಳ ಹಿನ್ನೆಲೆ ಬಂದಮೇಲಂತೂ ಅಕ್ಕನೂ ಅಣ್ಣನೂ ಒಂದೇ ಹೆಜ್ಜೆಯಲ್ಲಿ ನಡೆಯುವುದನ್ನು ಸಭೆಸಭೆಗಳಲ್ಲಿ ಕೇಳಬಹುದು. ಮೂರರ ಗಣದ ‘ಚೆನ್ನಮಲ್ಲಿಕಾರ್ಜುನ’ವನ್ನು ನಾಲ್ಕರ ಚೌಕಟ್ಟಿಗೆ ತುರುಕಿದಾಗ ಹೆಸರಿನ ಬೆನ್ನು ಮುರಿಯುತ್ತದೆ. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಗೆ ಬರುವ ಭಜನೆಯವರಾಗಲಿ, ಹೊಳಲ್ಕೆರೆಯ ಕಡೆಯ ಹಳ್ಳಿಗಳ ಏಕತಾರಿಯವರಾಗಲಿ ಈ ತಪ್ಪನ್ನು ಮಾಡುವುದು ಕಡಮೆ. ತತ್ತ್ವಪದದ ಮೂರರ ನಡೆ, ಐದರ ನಡೆಗಳು ಅವರ ಮೈಗೆ ಹತ್ತಿವೆ. ಶಾಲೆಯಲ್ಲಿ ಕಲಿತವರಿಗಿಂತ ಕಲಿಯದವರ ಕಿವಿ ಇಲ್ಲಿ ಚೊಕ್ಕಟ.

ಮನ್ಸೂರರ ಮಗ ರಾಜಶೇಖರ ಮನ್ಸೂರರು 2022ರಲ್ಲಿ ತೀರಿಕೊಂಡರು. ಆಂಗ್ಲ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದ ಅವರು ತಂದೆಯ ಖಯಾಲ್ ಪರಂಪರೆಯನ್ನು ಶುದ್ಧವಾಗಿ ಉಳಿಸಿಕೊಂಡು ಬಂದವರು. ಮಗಳು ನೀಲಾ ಕೊಡ್ಲಿಯವರು ಅದೇ ಗಾಯನವನ್ನು ವಚನಗಳೊಡನೆ ಮುಂದುವರಿಸಿದರು. ಧ್ವನಿಮುದ್ರಿಕೆಗಳು ಈಗ ಎಲ್ಲರ ಕೈಗೂ ಎಟಕುತ್ತವೆ. ಧಾಟಿಯನ್ನು ಅನುಕರಿಸುವವರೂ ಅನೇಕರು. ಅನುಕರಣೆಯಲ್ಲಿ ಧಾಟಿ ಬರುತ್ತದೆ, ಕಟ್ಟೆಯ ಮೇಲೆ ನಿಂತು ರಾಗ ಹರಡುವ ಆ ಲೆಕ್ಕ ಬರುವುದಿಲ್ಲ. ಮುದ್ರಿಕೆಯಲ್ಲಿ ಎಳೆದ ಜಾಗದಲ್ಲಿಯೇ ಎಳೆದು, ಬೇರೊಂದು ವಚನಕ್ಕೂ ಅದೇ ಎಳೆತವನ್ನು ಹಚ್ಚುವುದನ್ನು ಕೇಳಿದಾಗ ಇದು ತಿಳಿಯುತ್ತದೆ.

ಒಂದು ಕೆಲಸ ಮಾತ್ರ ಹಾಗೆಯೇ ಉಳಿದಿದೆ. ಅಲ್ಲಮನ ‘ಗುಹೇಶ್ವರ’ ಎಂಬ ಅಂಕಿತವನ್ನು ಬಿಡಿಸಿದರೆ ಒಂದು, ಎರಡು, ಒಂದು, ಒಂದು. ಒಟ್ಟು ಐದು ಮಾತ್ರೆ. ಅಕ್ಕನ ಮೂರೂ ಅಲ್ಲ, ಅಣ್ಣನ ನಾಲ್ಕೂ ಅಲ್ಲ. ಹಿಂದೂಸ್ಥಾನಿ ಪದ್ಧತಿಯ ಝಪ್‌ತಾಳದಲ್ಲಿ ಹತ್ತು ಮಾತ್ರೆಗಳು. ಎರಡು, ಮೂರು, ಎರಡು, ಮೂರು ಎಂಬ ವಿಭಾಗಗಳು. ಆ ಹೆಸರನ್ನು ಎರಡು ಬಾರಿ ಕರೆದರೆ ಒಂದು ಆವರ್ತನ ತುಂಬುತ್ತದೆ. ಕರೆದಾಗಲೆಲ್ಲ ‘ಹೇ’ ಎಂಬ ದೀರ್ಘವು ಮೊದಲ ವಿಭಾಗದ ಗಡಿಯ ಮೇಲೆ, ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ನಿಲ್ಲುತ್ತದೆ. ಅಲ್ಲಮನಿಗೆ ಒಪ್ಪುವ ನಿಲುವು! ಖಯಾಲನ್ನು ಬಲ್ಲ ಗಾಯಕರಲ್ಲಿ ಈ ಐದರ ಜಾಡನ್ನು ಹಿಡಿದು ಬೆಡಗಿನ ವಚನಗಳ ಬಳಿಗೆ ಹೋದವರು ವಿರಳ.